ಗಂಗವ್ವನ ನಾಲ್ಕು ಸಾಲು ಜೋಳ

ಸಿಂದಗಿ ರಸ್ತೆಯಲ್ಲಿ ರೈತ ಹೆಂಗಸು ಗಂಗವ್ವ ಅಡ್ಡ ಬಂದು ನನ್ನ ಸೈಕಲ್ ನಿಲ್ಲಿಸಿದಳು. ಎಪ್ಪತ್ತರ ದಶಕದ ಮಾತು. ನಾನು ಹೊಸ ಗ್ರಾಮಸೇವಕ. ಜೋಳದ ಬೀಜವನ್ನು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿದರೆ ಪೈರು ಬರ ತಡೆಯುತ್ತದೆ ಎಂದು ಊರೂರು ಹೇಳುತ್ತಿದ್ದೆ. ಆಕೆ ನಂಬದಿದ್ದರೂ ನನ್ನ ಕಾಟ ತಾಳಲಾರದೆ ಅಂಥ ಬೀಜವನ್ನು ನಾಲ್ಕೇ ಸಾಲು ಬಿತ್ತಿದ್ದಳು. ಆಮೇಲೆ ಮಳೆಯ ಸುಳಿವೇ ಇರಲಿಲ್ಲ.

ಹೊಲಕ್ಕೆ ಕರೆದಳು; ಬೈಸಿಕೊಳ್ಳಲು ಸಿದ್ಧನಾಗಿ ಆಕೆಯ ಹಿಂದೆ ನಡೆದೆ. ಹೊಲದ ಪೈರೆಲ್ಲ ಬಿಸಿಲಿಗೆ ಎಲೆ ಸುರುಳಿ ಸುತ್ತಿ ಬಾಡಿತ್ತು. ಆ ನಾಲ್ಕು ಸಾಲು ಮಾತ್ರ ಹಸಿರಾಗಿ ನಿಂತಿದ್ದವು.

“ನಾ ಒಲ್ಲೆ ಅಂದ್ರ ಬೈದಾದ್ರೂ ಒಪ್ಪಸಬೇಕಿತ್ತಲ್ರಿ ಸಾಹೇಬ್ರ!” ಎಂದು ನನ್ನನ್ನೇ ದಬಾಯಿಸಿದಳು. “ಮುಂದಿನ ವರ್ಷ ಎಲ್ಲಾ ಬೀಜ ತೋಯಿಸ್ತೇನಿ. ಓಣಿ ಮಂದಿನೂ ಕರೀತೇನಿ, ಬರ್ರಿ.”

ನಿಜ ಹೇಳಬೇಕೆಂದರೆ, ಊರೂರು ಹೇಳಿದ ಮಾತನ್ನು ಅಲ್ಲಿಯವರೆಗೆ ನಾನೇ ಪೂರ್ತಿ ನಂಬಿರಲಿಲ್ಲ. ನಂಬಿಸಿದವಳು ಗಂಗವ್ವ.