ಎಡಕ್ಕೆ ಹೊರಳಿದಾಗ ಹತ್ತುವ ಕೆಂಪು ದೀಪ

ನಮ್ಮ ಮನೆಗೆ ಮೊದಲ ಕಾರು ಬಂದದ್ದು ನನ್ನ ಕೆಲಸದ ಸಲುವಾಗಿ. ನಾನು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿದ್ದೆ. ಹಿಂಜವಾಡಿಯಲ್ಲಿ ಆಗ ತಾನೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮವರೂ ಅಲ್ಲೊಂದು ಶಾಖೆ ತೆರೆದು ನನ್ನನ್ನು ಅಲ್ಲಿಗೆ ಕಳಿಸಿದರು. ಕಾತ್ರಜದ ಹತ್ತಿರದ ನಮ್ಮ ಮನೆಯಿಂದ ಅದು ಊರಿನ ಇನ್ನೊಂದು ತುದಿ. ಎರಡು ಬಸ್ಸು ಬದಲಿಸಿ ಬದಲಿಸಿ ಸೋತು, ಕೊನೆಗೆ ಒಂದು ಹಳೆಯ ಬಿಳಿ ಕಾರು ಕೊಂಡೆವು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಗಂಡನಿಗೆ ಸ್ಟೀರಿಂಗ್ ಮುಟ್ಟುವ ಆಸೆಯೇ ಇರಲಿಲ್ಲ. ಹೀಗಾಗಿ ಕಾರು ನನ್ನದೇ ಆಯಿತು.

ಕೆಲವು ತಿಂಗಳು ಸುಖವಾಗಿ ಓಡಿತು. ಆಮೇಲೊಂದು ದಿನ ಲ್ಯಾಬಿನ ಗೇಟಿಗೆ ಎಡಕ್ಕೆ ಹೊರಳುವಾಗ, ಮೀಟರಿನ ಮೂಲೆಯಲ್ಲಿ ಒಂದು ಕೆಂಪು ದೀಪ ಮಿನುಗಿ ಆರಿತು. ದುಂಡನೆಯ ಗೆರೆಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಮರುದಿನ ಅದೇ ತಿರುವಿನಲ್ಲಿ ಮತ್ತೆ ಹಾಗೇ ಆಯಿತು. ಬಲಕ್ಕೆ ಹೊರಳಿದರೆ ಹತ್ತುತ್ತಿರಲಿಲ್ಲ, ನೆಟ್ಟಗೆ ಹೋದರೂ ಇಲ್ಲ. ಎಡಕ್ಕೆ ಮಾತ್ರ. ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ದೀಪಕ್ಕೆ ಎಡ ಬಲ ತಿಳಿಯುವುದು ಹೇಗೆ?

ಮನೆಯ ಹತ್ತಿರದ ಗ್ಯಾರೇಜಿನವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಅರ್ಧ ಕೇಳಿ, ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ ಎಂದ. ಸಂಜೆ ಕಾರು ತಂದು ಎಷ್ಟು ಎಡಕ್ಕೆ ಹೊರಳಿಸಿದರೂ ದೀಪ ಹತ್ತಲಿಲ್ಲ. ರಿಪೇರಿ ಆಯಿತೆಂದು ನೆಮ್ಮದಿಯಿಂದ ಇದ್ದೆ.

ಒಂದು ದಿನ ಸಹೋದ್ಯೋಗಿಯ ಕಾರಿನಲ್ಲಿ ಕೂತಿದ್ದೆ. ಆಕೆ ಕೀಲಿ ತಿರುವಿದ ಕೂಡಲೇ ಮೀಟರಿನ ತುಂಬ ಕೆಂಪು, ಹಳದಿ ದೀಪಗಳು ಒಟ್ಟಿಗೇ ಹತ್ತಿದವು. ಗಾಡಿ ಚಾಲೂ ಆದ ಮೇಲೆ ಆರಿದವು. ದಿನಾ ಕಾಣುವುದೇ, ಆದರೆ ನಾನು ಅದನ್ನು ನೋಡಿದ್ದು ಅವತ್ತೇ. ನಮ್ಮ ಲ್ಯಾಬಿನಲ್ಲಿಯೂ ಬೆಳಿಗ್ಗೆ ಮೊದಲು ಉತ್ತರ ಗೊತ್ತಿರುವ ಒಂದು ಮಾದರಿಯನ್ನು ಯಂತ್ರಕ್ಕೆ ಹಾಕುತ್ತೇವೆ. ಯಂತ್ರ ಸರಿಯಾದ ಉತ್ತರ ಕೊಟ್ಟರೆ ಮಾತ್ರ ರೋಗಿಗಳ ರಕ್ತ. ಕಾರೂ ಬೆಳಿಗ್ಗೆ ತನ್ನ ದೀಪಗಳನ್ನು ಹೀಗೇ ಪರೀಕ್ಷೆ ಮಾಡಿಕೊಳ್ಳುತ್ತದೆಯೇ ಎಂದು ಯೋಚಿಸುತ್ತ, ತಿರುಗಿ ಬಂದ ಮೇಲೆ ನನ್ನ ಕಾರಿಗೆ ಹೋಗಿ ಕೂತು ಕೀಲಿ ತಿರುವಿದೆ. ಬ್ಯಾಟರಿಯದು ಹತ್ತಿತು, ಆಯಿಲಿನದು ಹತ್ತಿತು. ಮೂಲೆಯ ಆ ದುಂಡನೆಯ ದೀಪ ಹತ್ತಲೇ ಇಲ್ಲ. ಅದು ಬ್ರೇಕಿನ ದೀಪ, ಹ್ಯಾಂಡ್‌ಬ್ರೇಕ್ ಎಳೆದಾಗಲೂ ಹತ್ತಬೇಕು; ಎಳೆದರೂ ಇಲ್ಲ.

ಗ್ಯಾರೇಜಿನವನಲ್ಲಿಗೆ ಹೋಗಿ ಕೇಳಿದೆ. ದೀಪ ಬೇಡವೆಂದು ಬಂದವರು ನೀವೇ ಅಲ್ಲವೇ, ಈಗ ಹತ್ತುತ್ತಿಲ್ಲವೆಂದು ದೂರು ತಂದಿದ್ದೀರಲ್ಲ ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಅಲ್ಲಿಂದ ದೊಡ್ಡದೊಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿ ಗಾಡಿಯ ಹತ್ತಿರ ನಿಲ್ಲಗೊಡಲಿಲ್ಲ. ತಂಪು ಕೋಣೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಆಮೇಲೆ ಟೈ ಕಟ್ಟಿದವನೊಬ್ಬ ಬಂದು, ಅದು ಬದಲಿಸಬೇಕು, ಇದು ಬದಲಿಸಬೇಕು ಎಂದ. ಎಡಕ್ಕೆ ಹೊರಳಿದಾಗಲೇ ಯಾಕೆ ಹತ್ತುತ್ತಿತ್ತು ಎಂದು ಕೇಳಿದ್ದಕ್ಕೆ, ಅದು ಮುಖ್ಯವಲ್ಲ ಮೇಡಂ ಎಂದ. ನನಗೆ ಅದೇ ಮುಖ್ಯವಾಗಿತ್ತು. ಕಾರು ತೆಗೆದುಕೊಂಡು ಬಂದುಬಿಟ್ಟೆ.

ನಮ್ಮಲ್ಲಿಗೆ ಬಂದಿದ್ದ ಅವ್ವ ಆ ವಾರವೇ ಧಾರವಾಡಕ್ಕೆ ವಾಪಸು ಹೊರಟಳು. ಬಸ್ಸು ಹತ್ತಿಸಲು ಕಾತ್ರಜಕ್ಕೆ ನಡೆದೇ ಹೋದೆವು. ಬಸ್ಸು ತಡವಾಗಿ ಹೊರಡುವುದಿತ್ತು. ಡ್ರೈವರು ಟೈರಿನ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದ. ಘಟ್ಟ ಹತ್ತಿ ಇಳಿಯುವವರು ತಮ್ಮ ಸ್ವಂತ ಗಾಡಿಯ ಬ್ರೇಕನ್ನು ಯಾರ ಕೈಗೆ ಕೊಡುತ್ತಾರೆ ಎಂಬ ಪ್ರಶ್ನೆ ನನಗೆ ಅಲ್ಲೇ ಹೊಳೆಯಿತು. ಕೇಳಿಯೇಬಿಟ್ಟೆ. ಅವನು ಹೆದ್ದಾರಿಯ ಕಡೆ ಕೈ ತೋರಿಸಿದ. ಪೆಟ್ರೋಲ್ ಪಂಪಿನ ಹಿಂದೆ ಬೆಳಗಾವಿ ಕಡೆಯ ಒಬ್ಬ ಗಾಡಿ ರಿಪೇರಿಯ ಮೇಸ್ತ್ರಿ ಇದ್ದಾನೆಂದ.

“ಬಾಯಿ ಭಾಳ ಜೋರ ಅದರಿ ಅವಂದು. ಬೈದರ ಬೈಸ್ಕೋರಿ. ಕೆಲಸ ಮಾತ್ರ ಸುಳ್ಳ ಮಾಡಂಗಿಲ್ಲ.”

ಮರುದಿನ ಬೆಳಿಗ್ಗೆ ಮೆಲ್ಲಗೆ ಕಾರು ಓಡಿಸಿಕೊಂಡು ಹೋದೆ. ಮೇಸ್ತ್ರಿ ಎತ್ತರದ ಆಳು. ಭೋಸರಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಇದ್ದು, ಮೇಲಿನವರೊಡನೆ ಜಗಳವಾಡಿ ಬಿಟ್ಟು ಬಂದವನೆಂದು ತಾನಾಗಿಯೇ ಹೇಳಿಕೊಂಡ. ತನ್ನಂಥ ಕೆಲಸಗಾರ ಸಾತಾರೆಯ ತನಕ ಸಿಗುವುದಿಲ್ಲವೆಂದೂ ಹೇಳಿದ. ಇಂಥವನನ್ನು ನಂಬುವುದು ಹೇಗೆಂದು ನನಗೆ ಅನುಮಾನವೇ ಬಂತು. ಆದರೆ ಅವನು ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳತೊಡಗಿದ. ದೀಪ ಯಾವ ತಿರುವಿನಲ್ಲಿ ಹತ್ತುತ್ತಿತ್ತು, ಹತ್ತಿ ಎಷ್ಟು ಹೊತ್ತು ಇರುತ್ತಿತ್ತು, ಬ್ರೇಕು ತುಳಿದರೆ ಪೆಡಲು ಮೊದಲಿಗಿಂತ ಕೆಳಗೆ ಹೋಗುತ್ತದೆಯೇ. ಹೌದು, ಸ್ವಲ್ಪ ಕೆಳಗೆ ಹೋಗುತ್ತದೆ. ಯಾರೂ ಕೇಳದಿದ್ದರಿಂದ ನಾನೂ ಯಾರಿಗೂ ಹೇಳಿರಲಿಲ್ಲ.

ಕೀಲಿ ತಿರುವಿ ತೋರಿಸಿದಾಗ ಅವನು ಬಾಗಿ ನೋಡಿದ.

“ಇದೊಂದು ಹತ್ತಂಗಿಲ್ಲ ಅಂತ ಯಾರ ಹೇಳಿದ್ರಿ ನಿಮಗ?”

“ಯಾರೂ ಹೇಳಿಲ್ರಿ. ನಾನ ನೋಡೀನಿ.”

ಅವನು ಮೀಟರಿನ ಪೆಟ್ಟಿಗೆ ಬಿಚ್ಚಿ ಹೊರಗೆಳೆದು, ಹಿಂಭಾಗವನ್ನು ನನ್ನ ಕಡೆ ತಿರುಗಿಸಿದ. ಸಾಲಾಗಿ ಸಣ್ಣ ಬಲ್ಬುಗಳು. ಮೂಲೆಯದೊಂದು ಗೂಡು ಖಾಲಿ. ಗ್ಯಾರೇಜಿನವನು ಮಾಡಿದ ರಿಪೇರಿ ಅದು: ಬಲ್ಬು ಕಿತ್ತು ಇಟ್ಟುಕೊಂಡಿದ್ದ. ಅಷ್ಟು ವಾರ ನಾನು ಆ ಕಾರಿನಲ್ಲಿ ಹೆದ್ದಾರಿಯ ಮೇಲೆ ಹೋಗಿ ಬಂದಿದ್ದೆ.

ಹೊಸ ಬಲ್ಬು ಹಾಕಿದ್ದೇ ದೀಪ ಹತ್ತಿತು, ಆರಲೇ ಇಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ತೋರಿಸಿದ. ಆಯಿಲು ತಳಕ್ಕಿಳಿದಿತ್ತು. ಡಬ್ಬಿಯೊಳಗೆ ತೇಲುವ ಬೆಂಡೊಂದಿರುತ್ತದೆ, ಅದು ಕೆಳಗಿಳಿದರೆ ದೀಪ ಹತ್ತುತ್ತದೆ ಎಂದ. ಆಯಿಲು ಸ್ವಲ್ಪವೇ ಕಡಿಮೆ ಇದ್ದಾಗ, ಗಾಡಿ ಎಡಕ್ಕೆ ಹೊರಳಿದರೆ ಆಯಿಲು ಬೆಂಡಿಲ್ಲದ ಬದಿಗೆ ಸರಿದು ಬೆಂಡು ಇಳಿಯುತ್ತದೆ; ಬಲಕ್ಕೆ ಹೊರಳಿದರೆ ಬೆಂಡಿನ ಕಡೆಗೇ ಬರುತ್ತದೆ. ಬಸ್ಸಿನಲ್ಲಿ ಲೋಟದ ನೀರು ಓಲುವ ಹಾಗೆ. ನನ್ನ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ಎಷ್ಟು ಖುಷಿಯಾಯಿತೆಂದರೆ ಅಪಾಯವನ್ನು ಕ್ಷಣ ಹೊತ್ತು ಮರೆತೇಬಿಟ್ಟೆ.

“ಹಂಗಾರ ಆಯಿಲ್ ಎಲ್ಲಿ ಹೋತ್ರಿ?” ಎಂದೆ.

“ಗೊತ್ತಿಲ್ರಿ. ಹುಡುಕಬೇಕು.”

ಅಷ್ಟು ಹೊತ್ತು ತನ್ನನ್ನು ತಾನೇ ಹೊಗಳಿಕೊಂಡವನ ಬಾಯಲ್ಲಿ ಆ ಮಾತು ಬಂದದ್ದೇ ನನ್ನ ಅನುಮಾನ ಹೋಯಿತು. ಮುಂದಿನ ಗಾಲಿಯಲ್ಲೇ ಸೋರುತ್ತಿರಬೇಕೆಂದು ಎರಡನ್ನೂ ಬಿಚ್ಚಿದ. ಒಣಗಿದ್ದವು. ತಪ್ಪಾಯಿತು ನನ್ನ ಲೆಕ್ಕ ಎಂದು ಗೊಣಗುತ್ತ ಹಿಂದಿನದನ್ನು ಬಿಚ್ಚಿದ. ಗಾಲಿಯ ಬ್ರೇಕ್ ಡ್ರಮ್ಮಿನ ಒಳಗೆ ಧೂಳು ಹಸಿಯಾಗಿ ಕೆಸರಿನಂತೆ ಮೆತ್ತಿಕೊಂಡಿತ್ತು. ಬೆರಳಿಟ್ಟು ನೋಡಿರೆಂದ. ನೋಡಿದೆ, ಮೂಸಿಯೂ ನೋಡಿದೆ. ಮೀನಿನ ವಾಸನೆಯಂತಿದೆ ಎಂದಾಗ ಅವನು ತಾನೂ ಮೂಸಿ, ಇಷ್ಟು ವರ್ಷ ತನಗೆ ಹಾಗೆ ಅನ್ನಿಸಿಯೇ ಇರಲಿಲ್ಲ ಎಂದ.

ಒಳಗೆ ಸೋರುತ್ತಿದ್ದ ಸಣ್ಣ ಬ್ರೇಕ್ ಸಿಲಿಂಡರು ಬದಲಾಯಿತು, ಡಬ್ಬಿಗೆ ಹೊಸ ಆಯಿಲು ತುಂಬಿತು. ಮಧ್ಯಾಹ್ನ ಅವನು ಪಕ್ಕದಲ್ಲಿ ಕೂತ, ನಾನು ಓಡಿಸಿದೆ. ಘಟ್ಟದ ಬುಡದ ತನಕ ಹೋಗಿ, ಸಿಕ್ಕ ಸಿಕ್ಕಲ್ಲಿ ಎಡಕ್ಕೆ ಹೊರಳಿಸಿದೆ. ನನ್ನ ಓಡಿಸುವಿಕೆಯನ್ನು ಅವನು ದಾರಿಯುದ್ದಕ್ಕೂ ಬೈದ. ದೀಪ ಹತ್ತಲಿಲ್ಲ.

ಆಮೇಲೆ ವರ್ಷಗಟ್ಟಲೆ ನನ್ನ ಗಾಡಿ ಅವನ ಕೈಯಲ್ಲೇ ಇತ್ತು. ಮುಂದೆ ನಾವು ಹೊಸ ನಮೂನೆಯ ಕಾರು ಕೊಂಡಾಗ, ಅದರಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿ ಕೂತಿತು. ಮೇಸ್ತ್ರಿ ಸುತ್ತಲೂ ನೋಡಿ, ಇದನ್ನು ಓದುವ ಮಷೀನು ತನ್ನಲ್ಲಿಲ್ಲ, ಇದು ತನಗೆ ತಿಳಿಯುವುದಿಲ್ಲ ಎಂದ. ಮಷೀನು ಇಟ್ಟವನೊಬ್ಬನ ಅಂಗಡಿ ಹೇಳಿದ. ನಾನು ಕಾರು ತಿರುಗಿಸುವಷ್ಟರಲ್ಲಿ ತನ್ನ ಶೆಡ್ಡಿನ ಬಾಗಿಲು ಎಳೆದು, ಕೈ ಒರೆಸುತ್ತ ಬಂದು ಪಕ್ಕದಲ್ಲಿ ಕೂತ.

“ನಡೀರಿ ಅಕ್ಕಾರ. ನಾನೂ ನೋಡ್ತೀನಿ ಅದು ಹೆಂಗ ಓದತದ ಅಂತ.”

ಆ ಅಂಗಡಿಯವನು ಸ್ಟೀರಿಂಗಿನ ಕೆಳಗೆ ಒಂದು ವಯರು ಚುಚ್ಚಿದ. ಅಂಗೈಯಗಲದ ಪರದೆಯ ಮೇಲೆ ಒಂದು ಅಕ್ಷರ, ಅದರ ಹಿಂದೆ ನಾಲ್ಕಾರು ಅಂಕಿ ಮೂಡಿದವು. ನಾವಿಬ್ಬರೂ ಕಿಟಕಿಯಿಂದ ತಲೆ ತೂರಿಸಿ ನೋಡುತ್ತಿದ್ದೆವು. ಸೆನ್ಸರ್ ಹೋಗಿದೆ ಎಂದು ಅವನು ವಯರು ಕೀಳಲು ಹೋದ. ಮೇಸ್ತ್ರಿ ಅವನ ಕೈ ಹಿಡಿದು ನಿಲ್ಲಿಸಿ, ಈ ಅಂಕಿಯ ಅರ್ಥವೇನು, ಸೆನ್ಸರೇ ಹೋಗಿದೆ, ಅದರ ವಯರು ಹೋಗಿಲ್ಲ ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಮರಾಠಿಯಲ್ಲಿ ಕೇಳತೊಡಗಿದ.