ಉದುರಿದ ಕಾಯಿಯ ಕೇಸು

ಕೊಬ್ಬರಿ ರೇಟು ಏರಿದ ವರ್ಷ ನಮ್ಮ ಸುತ್ತಿನ ತೋಟಗಳಿಗೆಲ್ಲ ಕ್ಯಾಮೆರಾ ಬಂದವು. ಬಿಳಿಗೆರೆ ಕಡೆ ಹೊರಟರೆ ಪಂಪ್‌ಹೌಸಿನ ಗೋಡೆ, ಗೇಟಿನ ಕಂಬ, ಎಲ್ಲಿ ನೋಡಿದರೂ ಅದೇ. ನಮ್ಮ ಯಜಮಾನರೂ ಒಂದು ಹಾಕಿಸಿದರು. ಅಂದಿನಿಂದ ತೋಟದಲ್ಲಿ ನಿಂತಾಗಲೂ ಅವರು ತೋಟವನ್ನು ಫೋನಿನಲ್ಲೇ ನೋಡುತ್ತಿದ್ದರು. ಊಟಕ್ಕೆ ಕೂತರೆ ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ತೋಟ. ಅಳಿಲು ಓಡಿದರೂ ಫೋನು ಟಿಣ್ ಅನ್ನುತ್ತಿತ್ತು.

"ಅಳಿಲಿನ ಮೇಲೂ ಒಂದು ಕೇಸ್ ಹಾಕ್ಸಿ, ನಾನೇ ವಾದ ಮಾಡ್ತೀನಿ" ಎಂದು ರೇಗಿಸುತ್ತಿದ್ದೆ. ನಾನು ತಿಪಟೂರಿನ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಮನೆಯಲ್ಲಿ ನನ್ನ ವಾದ ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಸಂಕ್ರಾಂತಿ ಕಳೆದ ಮೇಲೆ ಹುಳಿಯಾರು ಕಡೆಯಿಂದ ಕುರಿ ಮಂದೆಗಳು ನಮ್ಮತ್ತ ಬರುತ್ತವೆ. ಹಗಲೆಲ್ಲ ಬಯಲಲ್ಲಿ ಮೇಯಿಸಿ, ರಾತ್ರಿ ಒಬ್ಬೊಬ್ಬರ ತೋಟದಲ್ಲಿ ಬಲೆ ಕಟ್ಟಿ ಕುರಿಗಳನ್ನು ಕೂಡಿಹಾಕುತ್ತಾರೆ. ಹಿಕ್ಕೆ, ಗಂಜಲ ತೆಂಗಿನ ಬುಡಕ್ಕೆ ಗೊಬ್ಬರ. ಅದಕ್ಕೆ ನಾವು ರಾಗಿಯನ್ನೋ ದುಡ್ಡನ್ನೋ ಕೊಡುತ್ತೇವೆ. ನಮ್ಮ ತೋಟಕ್ಕೆ ಬರುವ ಮಂದೆಯ ಒಡತಿ ನನ್ನ ವಯಸ್ಸಿನವಳು. ತಲೆಗೆ ಟವೆಲ್ ಸುತ್ತಿಕೊಂಡು, ಸೀರೆ ಎತ್ತಿ ಕಟ್ಟಿ, ಬಾಯ್ತುಂಬ ಎಲೆಅಡಿಕೆ ಹಾಕಿಕೊಂಡು ಅವಳು ನಡೆದು ಬಂದರೆ ನನಗೆ ತವರಿನವರು ಯಾರೋ ಬಂದಷ್ಟು ಸಂತೋಷ. ಆದರೆ ಆ ವರ್ಷ ಅವಳು ಬಂದ ಮಾರನೇ ಬೆಳಿಗ್ಗೆಯೇ ಗಲಾಟೆಯಾಯಿತು.

ಮೋಟರು ಹಾಕಿ ಬಂದು ಕಾಫಿಗೆ ಕೂತಿದ್ದ ಯಜಮಾನರು ಫೋನು ನೋಡಿ, "ಬಾ ಇಲ್ಲಿ, ನಿನ್ ಗೆಳತಿ ಕೆಲಸ ನೋಡು" ಎಂದು ಕೂಗಿದರು. ನೋಡಿದೆ. ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು. ಅವಳು ರಾತ್ರಿ ಉದುರಿದ ಕಾಯಿಗಳನ್ನು ಮಡಿಲಿಗೆ ತುಂಬಿಕೊಂಡು, ರಸ್ತೆಯ ಕಡೆ ಒಮ್ಮೆ ನೋಡಿ, ಪಂಪ್‌ಹೌಸಿನ ಹಿಂದಕ್ಕೆ ಹೋದಳು. ವಿಡಿಯೋ ಅಲ್ಲಿಗೆ ಮುಗಿಯಿತು.

"ತಡೀರಿ, ಅವಳನ್ನೇ ಕೇಳೋಣ" ಎಂದೆ. ಅಷ್ಟರಲ್ಲಿ ಅದು ತೋಟದವರ ವಾಟ್ಸಾಪ್ ಗ್ರೂಪಿಗೆ ಹೋಗಿಯಾಗಿತ್ತು. ನನ್ನ ಕಾಫಿ ಆರುವ ಮುಂಚೆ ಗ್ರೂಪಿನಲ್ಲಿ ಅವಳು ಕಳ್ಳಿಯಾದಳು. ಪಕ್ಕದ ತೋಟದವರು ಅವಳಿಗೆ ಫೋನು ಮಾಡಿ, ನಾಳೆ ನಮ್ಮ ಕಡೆ ಮಂದೆ ತರಬೇಡ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೊಲೆ ಮಾಡಿದವನನ್ನೂ ಕಟಕಟೆಗೆ ಕರೆದು ಏನಪ್ಪಾ ನಿನ್ನ ಮಾತು ಅಂತ ಕೇಳುವ ದೇಶ ಇದು. ಇವರು ನಾಲ್ಕು ತೆಂಗಿನಕಾಯಿಗೆ ಹೆಂಗಸೊಬ್ಬಳ ಮಾನ ಕಳೆದು ಕೂತಿದ್ದರು.

ಅವಳೇ ನಮ್ಮ ಅಂಗಳಕ್ಕೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. "ಅಕ್ಕಾ, ಕಳ್ಳಿ ಅಂತ ಒಂದ್ ಕಿತ ಹೆಸ್ರು ಬಿದ್ರೆ ಕಂದಿಕೆರೆಗಂಟ ಯಾರೂ ಮಂದೆ ಕರ್ಯಾಕಿಲ್ಲ. ಕುರಿ ಕಟ್ಕಂಡು ನಾನು ಎಲ್ಲೋಗ್ಲಿ? ನಂದೂ ಒಂದ್ ಮಾತು ಕೇಳ್ಬೋದಿತ್ತಲ್ವಾ?"

ಜಗಲಿಯ ಮೇಲೆ ಚಾಪೆ ಹಾಕಿ ಅವಳನ್ನು ಕೂರಿಸಿದೆ. ಎದುರಿಗೆ ಯಜಮಾನರನ್ನು ಕೂರಿಸಿದೆ. "ಈಗ ಕೇಳೋಣ" ಎಂದೆ.

ಯಜಮಾನರು, "ಪಂಪ್‌ಹೌಸ್ ಹಿಂದೆ ಹೋಗಿ ನೋಡ್ಕಂಡ್ ಬಂದೆ. ಕಾಯಿ ಗುಡ್ಡೆ ಹಾಕಿ ಮೇಲೆ ಗರಿ ಮುಚ್ಚಿಟ್ಟವ್ಳೆ. ಇನ್ನೇನ್ ಬೇಕು ಸಾಕ್ಷಿ?" ಅಂದರು.

"ಹೌದು, ನಾನೇ ಮುಚ್ಚಿದ್ದು" ಅಂದಳು ಅವಳು. "ಕುರಿ ಮಧ್ಯೆ ಬುಟ್ರೆ ಗಂಜಲ ಕುಡುದು ಕಾಯಿ ಕೆಟ್ಟೋಯ್ತವೆ. ನಮ್ಮಪ್ಪನ ಕಾಲ್ದಿಂದ್ಲೂ ಎತ್ತಿ ಒಂದ್ ಕಡೆ ಹಾಕ್ತೀವಿ. ಮುಂಚೆ ಮರದ ಬುಡುಕ್ಕೇ ಹಾಕ್ತಿದ್ವಿ. ಈಗ ಈ ರೇಟ್ನಾಗೆ ರೋಡ್ನೋರ ಕಣ್ಣಿಗೆ ಬಿದ್ರೆ ಬುಟ್ಟಾರಾ? ಅದ್ಕೇ ಮರೇಲಿ ಹಾಕಿ ಗರಿ ಮುಚ್ಚಿದ್ದು. ಮೋಟ್ರು ಹಾಕಕ್ ಬಂದಾಗ ಯಜಮಾನ್ರಿಗೆ ಹೇಳಿದ್ನಲ್ಲ."

"ನಂಗಾ? ಯಾವಾಗ ಹೇಳ್ದೆ? ಸುಳ್ ಹೇಳ್ಬ್ಯಾಡ" ಎಂದು ಯಜಮಾನರು ಎದ್ದೇ ನಿಂತರು.

"ಪೂರ್ತಿ ರೆಕಾರ್ಡ್ ಹಾಕಿ" ಎಂದೆ. ಅವರು ಗೆದ್ದವರ ಗತ್ತಿನಲ್ಲೇ ಹಾಕಿದರು. "ಮಾತೂ ಕೇಳ್ಸುತ್ತೆ ಕಣೇ ಇದ್ರಲ್ಲಿ" ಎಂದು ಹೆಮ್ಮೆ ಬೇರೆ.

ಮಾತು ಕೇಳಿಸಿತು. ಬೆಳಕು ಹರಿದಿದೆ. ಯಜಮಾನರು ಮೋಟರು ಹಾಕಿ ಹೊರಬಂದು ಫೋನು ನೋಡುತ್ತ ನಿಂತಿದ್ದಾರೆ. ಅವಳು ಎದುರಿಗೆ ಬಂದು ಹೇಳುತ್ತಿದ್ದಾಳೆ: "ಯಜಮಾನ್ರೇ, ಉದ್ರಿದ್ ಕಾಯೆಲ್ಲ ಮೋಟ್ರು ಮನೆ ಹಿಂದೆ ಹಾಕಿವ್ನಿ, ಮನೆಗೆ ಸಾಗ್ಸ್ಕಳಿ." ಯಜಮಾನರು ತಲೆ ಎತ್ತುವುದಿಲ್ಲ. "ಹೂಂ" ಅನ್ನುತ್ತಾರೆ. ಅವಳು ಇನ್ನೊಂದು ಸಲ ಹೇಳುತ್ತಾಳೆ. "ಹೂಂ, ಹೂಂ, ಆಯ್ತು ಬುಡು" ಅನ್ನುತ್ತಾರೆ.

ನನಗೆ ನಗು ತಡೆಯಲಾಗಲಿಲ್ಲ. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಿವಿ ಕೆಂಪಾಗಿದ್ದ ಯಜಮಾನರು ಇನ್ನೊಮ್ಮೆ ಹಾಕಿ ನೋಡಿ, "ಥೂ, ನಾನೇ ಕಣೇ" ಎಂದು ತಾವೂ ನಕ್ಕುಬಿಟ್ಟರು. ಅವರಲ್ಲಿ ನನಗೆ ಹಿಡಿಸುವುದು ಇದೇ. ತಪ್ಪು ಅಂತ ಗೊತ್ತಾದ ಮೇಲೆ ವಾದ ಮಾಡುವವರಲ್ಲ. "ತಪ್ಪಾಯ್ತು ತಾಯಿ, ಈಗ್ಲೇ ಅಳಿಸ್ತೀನಿ" ಅಂದರು.

"ಅಳಿಸಿದ್ರೆ ನೋಡ್ದೋರ ತಲೇಲಿರೋದು ಅಳಿಸ್ತದಾ?" ಅಂದಳು ಅವಳು. "ಎಲ್ಲಿ ಕಳ್ಳಿ ಅಂದ್ರೋ ಅಲ್ಲೇ ಅಲ್ಲ ಅನ್ನಿ. ನನ್ ಪಕ್ಕ ನಿಂತ್ಕಂಡು ನಿಮ್ ಬಾಯಲ್ಲೇ ಹೇಳಿ."

ನಾನು ಎಷ್ಟೋ ತೀರ್ಪು ಓದಿದ್ದೇನೆ. ಪೆಟ್ಟು ಬಿದ್ದ ಜಾಗಕ್ಕೇ ಮದ್ದು ಹಚ್ಚುವ ತೀರ್ಪು ಅಪರೂಪ. ಖುಷಿಗೆ ನನ್ನ ಕಣ್ಣು ಒದ್ದೆಯಾಯಿತು. ನಾನೇ ವಿಡಿಯೋ ತೆಗೆಯುತ್ತೇನೆ ಎಂದು ಫೋನು ಕಸಿದುಕೊಂಡೆ.

ಮೂವರೂ ತೋಟಕ್ಕೆ ಹೋದೆವು. ಯಜಮಾನರು ಅಂಗಿಯ ಗುಂಡಿ ಹಾಕಿಕೊಂಡು ಕಾಯಿ ಗುಡ್ಡೆಯ ಪಕ್ಕ ನಿಂತರು, ಮದುವೆ ಗಂಡಿನ ಹಾಗೆ ಬೆವರುತ್ತ. ನಾನು ಫೋನು ಎತ್ತಿದೆ. ಅವಳು ಕೈ ಅಡ್ಡ ಹಿಡಿದಳು.

"ತಡೀ ಅಕ್ಕ. ಆಗ ನನ್ನ ಕೇಳ್ದೇನೇ ಹಿಡುದ್ರು. ಈಗ ನಾನು ಅಂದಾಗ ಹಿಡಿ."

ಟವೆಲ್ ಬಿಚ್ಚಿದಳು. ತೊಟ್ಟಿಯ ನೀರಲ್ಲಿ ಮುಖ ತೊಳೆದಳು. ಎತ್ತಿ ಕಟ್ಟಿದ್ದ ಸೀರೆಯನ್ನು ನೆರಿಗೆ ಮಾಡಿ ಇಳಿಬಿಟ್ಟಳು. ತಲೆ ಬಾಚಿ, ಬೇಲಿಯ ಕನಕಾಂಬರ ಕಿತ್ತು ಮುಡಿದುಕೊಂಡಳು. ಅವಸರವೇ ಇರಲಿಲ್ಲ ಅವಳಿಗೆ. ಬಿಸಿಲು ಏರುತ್ತಿತ್ತು, ಕುರಿಗಳು ಬಲೆಯೊಳಗೆ ಕೂಗುತ್ತಿದ್ದವು, ಯಜಮಾನರು ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಕೊನೆಗೆ ಅವಳು ಅವರ ಪಕ್ಕಕ್ಕೆ ಬಂದು, ತಲೆ ಎತ್ತಿ ನೇರವಾಗಿ ನನ್ನ ಕಡೆ ನೋಡಿದಳು.

"ಈಗ ಹಿಡಿ" ಅಂದಳು.