ಹದಿನಾಲ್ಕನೆಯ ಪೈಪಿನ ಗುರುತು

ಬನ್ನಿ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕಿವಿಗೊಡಿ. ಇದು ಮಹಾತ್ಮರ ಕಥೆಯಲ್ಲ. ಅಗ್ನಿಶಾಮಕ ಠಾಣೆಯ ಹಿಂಬದಿಯ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ನೀರಿನ ಪೈಪುಗಳನ್ನು ತೊಳೆದು, ಒಣಗಿಸಿ, ತೇಪೆ ಹಾಕಿದ ಒಬ್ಬನ ಕಥೆ. ಠಾಣೆಯವರ ಬಾಯಲ್ಲಿ ಆತ ಪೈಪು ಮಾವ.

ಬೆಂಕಿಗೆ ಹೋಗಿ ಬಂದ ಪ್ರತಿ ಪೈಪಿಗೂ ಆತ ನೀರು ತುಂಬಿಸಿ, ಒತ್ತಡ ಏರಿಸಿ, ಐದು ನಿಮಿಷ ಕಣ್ಣು ಕೀಳದೆ ನೋಡುತ್ತಿದ್ದ. ಎಲ್ಲೂ ಸೋರದಿದ್ದರೆ ಹಿತ್ತಾಳೆಯ ಕೊಂಡಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಗೀಟಿಲ್ಲದ ಪೈಪು ವಾಹನ ಹತ್ತುವಂತಿರಲಿಲ್ಲ.

"ಈ ಗುರುತು ನಾನು ಕೊಡೋ ಮಾತು," ಎಂದು ತರಬೇತಿಗೆ ಬಂದವರಿಗೆಲ್ಲ ಹೇಳುತ್ತಿದ್ದ. "ಒಳಗೆ ಹೋಗೋವಾಗ ದೇವರನ್ನ ನೆನೀರಿ. ಆದ್ರೆ ಮೊದ್ಲು ಇದನ್ನ ನೋಡ್ಕೊಳ್ಳಿ."

ಹಾಗೆ ಕೇಳಿಸಿಕೊಂಡವರಲ್ಲಿ ಅವನ ಮಗಳೂ ಒಬ್ಬಳು. ಒಂಬತ್ತು ತಿಂಗಳು ಏಣಿ ಹತ್ತಿ, ಹೊಗೆ ತುಂಬಿದ ಕೋಣೆಯಲ್ಲಿ ತೆವಳಿ, ಹಿಂದಿನ ವಾರವಷ್ಟೇ ತರಬೇತಿ ಮುಗಿಸಿ ಇದೇ ಠಾಣೆಯ ತಂಡ ಸೇರಿದ್ದಳು.

ಇತ್ತೀಚೆಗೆ ಮಾವನ ಮಂಡಿ ಮಾತು ಕೇಳುತ್ತಿರಲಿಲ್ಲ. ಪ್ರತಿ ಪೈಪಿಗೂ ಬಗ್ಗಿ ಏಳುವುದು ಪ್ರಾಣಸಂಕಟವಾದಾಗ ಆತ ಒಂದು ಉಪಾಯ ಹೂಡಿದ. ಪೈಪುಗಳನ್ನು ಸಾಲಾಗಿ ಇಟ್ಟು, ಒಮ್ಮೆಗೇ ಬಗ್ಗಿ ಎಲ್ಲಕ್ಕೂ ಗೀಟು ಎಳೆದುಬಿಡುವುದು, ಪರೀಕ್ಷೆ ಆಮೇಲೆ. ಸೋರಿದ್ದರ ಗೀಟು ಅಳಿಸಿದರಾಯಿತಲ್ಲ ಎಂದುಕೊಂಡ. ಸಣ್ಣ ಸಡಿಲಿಕೆ, ಯಾರಿಗೂ ಗೊತ್ತಾಗದಂಥದ್ದು.

ಆ ದಿನ ಬೆಳಿಗ್ಗೆ ನಾಲ್ಕು ಪೈಪುಗಳಿಗೆ ಗೀಟು ಬಿತ್ತು. ಮೂರರ ಪರೀಕ್ಷೆ ಮುಗಿಯುವಷ್ಟರಲ್ಲಿ ಪಂಪಿನ ಡೀಸೆಲ್ ತೀರಿತು. ಆತ ಡಬ್ಬಿ ಹಿಡಿದು ಉಗ್ರಾಣಕ್ಕೆ ಹೋದ. ಅಷ್ಟರಲ್ಲಿ ಬೆಂಕಿಯ ಕರೆಗಂಟೆ ಮೊಳಗಿತು. ಮರಳಿ ಬಂದಾಗ ವಾಹನ ಗೇಟು ದಾಟಿತ್ತು. ನೆಲದ ಮೇಲೆ ಒದ್ದೆ ಕಲೆಗಳಿದ್ದವು, ಪೈಪುಗಳಿರಲಿಲ್ಲ. ಪರೀಕ್ಷೆಯಾಗದೆ ಉಳಿದಿದ್ದ, ಕೊಂಡಿಯ ಮೇಲೆ ಹದಿನಾಲ್ಕು ಎಂಬ ಸಂಖ್ಯೆ ಕೆತ್ತಿದ್ದ ಪೈಪೂ ಇರಲಿಲ್ಲ.

ಕಪಾಟಿನ ಮೇಲಿನ ರೇಡಿಯೊದಲ್ಲಿ ವಾಹನದ ಪಂಪು ಚಾಲಕನ ದನಿ ಕೇಳಿತು: "ಕಾಗದದ ಗೋದಾಮು. ಹೊಗೆ ದಟ್ಟವಾಗಿದೆ. ಒಳಗೆ ಇಬ್ಬರನ್ನ ಕಳಿಸ್ತಿದ್ದೀವಿ. ಪೈಪಿನ ತುದಿ ಹೊಸ ಹುಡುಗಿ ಕೈಯಲ್ಲಿ."

ಹೊಸ ಹುಡುಗಿಯೆಂದರೆ ಮಾವನ ಮಗಳೇ. ಒಳಗಿರುವಾಗ ಪೈಪು ಒಡೆದರೆ ಬೆಂಕಿಗೂ ಅವಳಿಗೂ ನಡುವೆ ಏನೂ ಉಳಿಯದು. ಆದರೆ ಮನಸ್ಸೆಂಬುದು ಎಂಥ ವಕೀಲ ನೋಡಿ! ಹೋದ ತಿಂಗಳು ಚೆನ್ನಾಗಿಯೇ ಇತ್ತಲ್ಲ, ಏನೂ ಆಗದು, ವಾಪಸು ಬಂದ ಮೇಲೆ ಸದ್ದಿಲ್ಲದೆ ಪರೀಕ್ಷಿಸಿದರಾಯಿತು ಎಂದಿತು. ಶೆಡ್ಡಿನ ರೇಡಿಯೊ ಕೇಳುವುದಕ್ಕೆ ಮಾತ್ರ. ಮಾತಾಡಬೇಕಾದರೆ ನಿಯಂತ್ರಣ ಕೊಠಡಿಗೆ ಇಪ್ಪತ್ತೆರಡು ಮೆಟ್ಟಿಲು. ಆಡಿದ್ದು ಎಲ್ಲ ವಾಹನಗಳಿಗೂ ಕೇಳಿಸುತ್ತಿತ್ತು. ಮೂಲೆಯ ಕ್ಷೌರದಂಗಡಿಯಲ್ಲೂ ಕೇಳಿಸುತ್ತಿತ್ತು. ಅಲ್ಲಿಯವನು ಗಿರಾಕಿಗಳ ಕಾಲಕ್ಷೇಪಕ್ಕೆಂದು ಇಂಥದೇ ಒಂದು ರೇಡಿಯೊ ಇಟ್ಟಿದ್ದ.

ದೇವರೇ, ಮಂಡಿಗೆ ಬಲ ಕೊಡು ಎಂದು ಆತ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದ.

"ಏನ್ ಮಾವ, ಹೀಗೆ ಏದುಸಿರು?" ಎಂದಳು ಕೊಠಡಿಯ ನಿರ್ವಾಹಕಿ.

"ಮೈಕ್ ಕೊಡಮ್ಮ. ಒಂದು ಪೈಪಿಗೆ ಪರೀಕ್ಷೆ ಮಾಡ್ದೇನೇ ಗುರುತು ಹಾಕಿದ್ದೆ. ಅದು ಅಲ್ಲಿಗೆ ಹೋಗಿದೆ."

ಅವಳು ದನಿ ತಗ್ಗಿಸಿದಳು. "ಊರಿಗೆಲ್ಲ ಕೇಳುತ್ತೆ ಮಾವ. ಅಲ್ಲಿರೋ ಸಾಹೇಬರಿಗೆ ಮೆಲ್ಲಗೆ ಫೋನ್ ಮಾಡ್ಲಾ?"

"ಫೋನ್ ಎತ್ತೋಕೆ ಅವರ ಕೈ ಖಾಲಿ ಇರುತ್ತಾ? ಕೊಡು."

ಆತ ಮೈಕಿನ ಗುಂಡಿ ಒತ್ತಿದ. "ಹದಿನಾಲ್ಕನೇ ಪೈಪನ್ನ ನಂಬ್ಬೇಡಿ. ಗುರುತು ಸುಳ್ಳು. ಹಾಕಿದವನು ನಾನೇ, ಪೈಪು ಮಾವ."

ಕರಕರ ಸದ್ದು. ಆಮೇಲೆ ಚಾಲಕನ ಗಡಸು ದನಿ: "ಹದಿನಾಲ್ಕು ಒಳಗಿದೆ. ಇಬ್ಬರೂ ಹೊರಗೆ ಬನ್ನಿ. ಈಗಲೇ."

ನಿರ್ವಾಹಕಿ ಕುರ್ಚಿ ಸರಿಸಿಕೊಟ್ಟಳು, ಆತ ಕೂರಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು, ಎರಡನೆಯದೂ ಮುಗಿಯುತ್ತ ಬಂತು. ಪ್ರಾರ್ಥನೆಗೆ ಒಂದು ಪದವೂ ಕೂಡಿಬರಲಿಲ್ಲ. ಮಗಳು ಹುಟ್ಟಿದ ದಿನ ಅಂಗೈಯಲ್ಲಿ ಅಡಗುವಷ್ಟಿದ್ದ ಅವಳ ಪಾದ ಮಾತ್ರ ಕಣ್ಣಮುಂದೆ ನಿಂತಿತ್ತು. ಪದವಿಲ್ಲದ ಮೊರೆಯನ್ನೂ ಕೇಳುವವನೊಬ್ಬನಿದ್ದಾನೆ.

"ಇಬ್ಬರೂ ಹೊರಗೆ. ಪೈಪು ಬದಲಾಯಿಸ್ತಿದ್ದೀವಿ."

ಆಗ ಆತ ಕೂತ.

ಪೈಪು ಬದಲಾಯಿಸುವಷ್ಟರಲ್ಲಿ ಗೋದಾಮಿನ ಇನ್ನೊಂದು ಸಾಲು ಕಾಗದ ಸುಟ್ಟುಹೋಯಿತು. ಮಧ್ಯಾಹ್ನ ಅಂಗಳದಲ್ಲಿ ಎಲ್ಲರೆದುರು ಹದಿನಾಲ್ಕಕ್ಕೆ ನೀರು ತುಂಬಿಸಿದರು. ಒತ್ತಡ ಪೂರ್ತಿ ಏರಿತು. ಐದು ನಿಮಿಷವಾದರೂ ಒಂದು ಹನಿ ಸೋರಲಿಲ್ಲ.

"ಕಲ್ಲಿನಂಗಿದೆ ನಿನ್ನ ಪೈಪು," ಎಂದ ಚಾಲಕ. "ಸುಮ್ನಿದ್ದಿದ್ರೆ ಆ ಸಾಲೂ ಉಳೀತಿತ್ತು, ನಿನ್ನ ಮಾನವೂ ಉಳೀತಿತ್ತು. ಈಗ ಕ್ಷೌರದಂಗಡೀಲಿ ಅರ್ಧ ಗಡ್ಡ ಬಿಟ್ಕೊಂಡು ನಿನ್ನ ವಿಷಯಾನೇ ಮಾತಾಡ್ತಿದ್ದಾರೆ."

"ಆಗ ನಂಗೆ ಗೊತ್ತಿರ್ಲಿಲ್ವಲ್ಲಪ್ಪ," ಎಂದ ಮಾವ.

ಠಾಣೆಯ ಅಧಿಕಾರಿ ಕೈ ಚಾಚಿದರು. ಆತ ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಅಂಗೈಯಲ್ಲಿಟ್ಟ. ಮಗಳು ಮಸಿ ಮೆತ್ತಿದ ಮುಖದಲ್ಲಿ ದೂರ ನಿಂತಿದ್ದಳು. "ಅದನ್ನ ನೋಡ್ಕೊಂಡೇ ಒಳಗೆ ಹೋಗಿದ್ದೆ ಅಪ್ಪ," ಎಂದಳು, ಅಷ್ಟೇ. ಆ ಸಂಜೆ ಮನೆಯಲ್ಲಿ ಇಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಅವಳೇ ಶೆಡ್ಡಿಗೆ ಬಂದಳು, ಕೈಯಲ್ಲಿ ಅದೇ ಸೀಮೆಸುಣ್ಣ. "ಸಾಹೇಬರು ನಂಗೆ ಕೊಟ್ರು. ನೀನು ಸ್ಟೂಲ್ ಮೇಲೆ ಕೂತು ನೋಡು, ಐದು ನಿಮಿಷ ಆದ್ಮೇಲೆ ಹೇಳು. ಬಗ್ಗೋದು ನನ್ನ ಕೆಲಸ."

"ನನ್ನ ಮಾತು ನಂಬ್ತೀಯಾ?"

"ನಿನ್ನೆ ನೀನು ಹೇಳಿದ್ದಕ್ಕೇ ತಾನೇ ಹೊರಗೆ ಬಂದಿದ್ದು?"

ಬಂಧುಗಳೇ, ನೀವು ಹಾಕಿದ ಯಾವುದೋ ಗುರುತನ್ನು ನಂಬಿ ಈ ಹೊತ್ತಿನಲ್ಲಿ ಯಾರಾದರೂ ಹೊಗೆಯೊಳಗೆ ಹೋಗಿರಬಹುದು. ಪೈಪು ಗಟ್ಟಿಯಿದೆಯೋ ಇಲ್ಲವೋ ಆಮೇಲೆ ತಿಳಿಯುತ್ತದೆ. ಮಂಡಿ ನೊಂದರೂ ಸರಿ, ನಗುವವರು ನಕ್ಕರೂ ಸರಿ, ಆ ಇಪ್ಪತ್ತೆರಡು ಮೆಟ್ಟಿಲನ್ನು ಇಂದೇ ಹತ್ತಿ ಹೇಳಿಬಿಡಿ.